ಗೂಢ ಸುಳಿವಿನ ಪದಬಂಧ: ಅರ್ಥಕ್ಕೆ ಹೊಂದುವ ಉತ್ತರವೂ ತಪ್ಪಾಗುತ್ತಿರುವುದೇಕೆ?

ಮಳೆಹಾಡಿ, ಮಡಿಕೇರಿ:
ಸದಸ್ಯರೆಲ್ಲರಿಗೂ ನಮಸ್ಕಾರ. ಸಾಮಾನ್ಯ ಪದಬಂಧವನ್ನು ಲೋಟದ ಕಾಫಿ ಆರುವುದರೊಳಗೆ ಮುಗಿಸುವ ನನಗೆ, ನಾಲ್ಕು ತಿಂಗಳಿನಿಂದ ಹೆಣಗಿದರೂ ಗೂಢ ಸುಳಿವಿನ ಪದಬಂಧ ಮಾತ್ರ ಕೈಗೆ ಹತ್ತುತ್ತಿಲ್ಲ. ಈ ಬಾರಿ ಎಡದಿಂದ ಬಲಕ್ಕೆ ಏಳನೆಯ ಸುಳಿವು ‘ಸದಾ ತಿರುಗುವ ಹರಿಭಕ್ತ’ ಎಂದಿತ್ತು. ನನ್ನ ಉತ್ತರ ಅರ್ಥಕ್ಕೆ ಚೆನ್ನಾಗಿಯೇ ಹೊಂದುತ್ತಿದ್ದರೂ ತಪ್ಪೆಂದು ಬಂದಿದೆ. ಹನ್ನೆರಡನೆಯದರ ಕಥೆಯೂ ಇದೇ. ರಚಿಸಿದವರೇ ಎಡವಿರಬಹುದಲ್ಲವೇ? ಬಲ್ಲವರು ದಯವಿಟ್ಟು ತಿಳಿಸಿ.

ಪೆನ್ಸಿಲ್, ಪೊನ್ನಂಪೇಟೆ:
ಉತ್ತರ ನಾರದ. ಮೂರು ಲೋಕಗಳನ್ನು ಸುತ್ತುತ್ತಲೇ ಇರುವ ಹರಿಭಕ್ತ ಮತ್ತಾರಿದ್ದಾರೆ? ಇದಕ್ಕೆ ಚರ್ಚೆಯ ಅಗತ್ಯವೇ ಇರಲಿಲ್ಲ.

ಗಣಕ, ಗೋಣಿಕೊಪ್ಪ:
‘ತಪ್ಪೆಂದು ಬಂದಿದೆ’ ಎಂದು ನೀವೇ ಹೇಳಿರುವುದರಿಂದ ದೋಷ ಆ್ಯಪ್‌ನಲ್ಲಿದೆ ಎಂಬುದು ಖಚಿತ. ‘ನಾ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರವಾದರೂ ಕಂಪ್ಯೂಟರಿನ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ‘ನ’ ಹಾಗೂ ದೀರ್ಘದ ಚಿಹ್ನೆ ಎಂಬ ಎರಡು ಸಂಕೇತಗಳಾಗಿರುತ್ತದೆ. ಹಾಗಾಗಿ ಸಂಕೇತಗಳನ್ನು ಎಣಿಸುವ ಆ್ಯಪ್‌ಗೆ ನಾರದ ಎಂಬುದು ನಾಲ್ಕು ಮನೆಯ (ಚೌಕದ) ಪದವಾಗಿ ಕಾಣುತ್ತದೆ. ಫೋನ್ ಯಾವುದು, ಕೀಲಿಮಣೆ ಯಾವುದು ಎಂಬುದನ್ನು ತಿಳಿಸಿ.

ಹಳೆಯ ಹಾಳೆ, ಸೋಮವಾರಪೇಟೆ:
ಮಳೆಹಾಡಿಯವರೇ, ಮನೆಗಳೆಷ್ಟು, ನೀವು ಬರೆದ ಉತ್ತರ ಯಾವುದು, ಅದನ್ನು ಹಾದುಹೋಗುವ ಪದಗಳಾವುವು ಎಂಬ ಮೂರನ್ನೂ ನೀವು ಹೇಳಿಲ್ಲ. ಅವು ತಿಳಿಯದೆ ಉತ್ತರಿಸುವುದು ಮಂಜಿನಲ್ಲಿ ಕಾರು ಓಡಿಸಿದಂತೆ.

ಗಣಕ, ಗೋಣಿಕೊಪ್ಪ:
ಮನೆಗಳ ಸಂಖ್ಯೆ ಆಮೇಲಿನ ವಿಚಾರ. ಮೊದಲು ಕೀಲಿಮಣೆಯನ್ನು ಬದಲಿಸಿ ನೋಡಲಿ.

ಮಳೆಹಾಡಿ, ಮಡಿಕೇರಿ:
ಕ್ಷಮಿಸಿ. ನಾನು ಬಿಡಿಸುತ್ತಿರುವುದು ಗೆಳೆಯರ ಬಳಗವೊಂದು ತಿಂಗಳಿಗೊಮ್ಮೆ ಹಂಚುವ ಮುದ್ರಿತ ಹಾಳೆಯನ್ನು; ಫೋನಿಗೂ ಇದಕ್ಕೂ ಸಂಬಂಧವಿಲ್ಲ. ಏಳನೆಯದಕ್ಕೆ ಎರಡೇ ಮನೆಗಳಿದ್ದು, ನಾನು ಶಾಯಿಯಲ್ಲಿ ‘ಯತಿ’ ಎಂದು ಬರೆದೆ. ಅದೇ ಮನೆಯಿಂದ ಕೆಳಕ್ಕಿಳಿಯುವ ಸುಳಿವು ‘ಹೆಣಿಗೆಯ ನೂಲಿಗಾಗಿ ತಲೆ ಕಳೆದುಕೊಂಡ ಉದಾರ (2)’. ಅದಕ್ಕೆ ‘ದಾರ’ ಹೊಳೆದಿತ್ತಾದರೂ ಮೊದಲ ಮನೆಯಲ್ಲಿ ‘ಯ’ ಇದ್ದುದರಿಂದ ಕೈಬಿಟ್ಟೆ. ಹನ್ನೆರಡನೆಯದು ‘ಶುದ್ಧಾಚಾರಕ್ಕೆ ಬೀದಿ ಸೇರಿದರೆ ಕೊಡಗಿನ ಪಟ್ಟಣ (4)’. ಅಲ್ಲಿ ಸಿದ್ದಾಪುರ ಎಂದು ಬರೆದಿದ್ದೇನೆ.

ಹಳೆಯ ಹಾಳೆ, ಸೋಮವಾರಪೇಟೆ:
ಈಗ ವಿಷಯ ತಿಳಿಯಾಯಿತು. ಗೂಢ ಸುಳಿವಿನ ಒಂದು ತುದಿಯಲ್ಲಿ ಉತ್ತರದ ಅರ್ಥವಿರುತ್ತದೆ. ಉಳಿದ ಭಾಗವು ಆ ಪದವನ್ನು ಅಕ್ಷರಗಳಿಂದ ಕಟ್ಟುವ ಬಗೆಯನ್ನು ಹೇಳುತ್ತದೆ. ನೀವು ಇಡೀ ವಾಕ್ಯವನ್ನೇ ಅರ್ಥವೆಂದು ಓದಿಕೊಂಡು ಸದಾ ಅಲೆಯುವ ಒಬ್ಬ ಸಂನ್ಯಾಸಿಯನ್ನು ಹುಡುಕಿದಿರಿ. ಆದರೆ ಇಲ್ಲಿ ಅರ್ಥವೆಂದರೆ ‘ಹರಿಭಕ್ತ’ ಎಂಬ ಒಂದೇ ಪದ. ‘ತಿರುಗುವ’ ಎಂಬುದು ಅವನ ಅಲೆದಾಟವನ್ನಲ್ಲ, ‘ಸದಾ’ ಎಂಬ ಪದ ತಿರುಗಬೇಕೆಂಬುದನ್ನು ಸೂಚಿಸುತ್ತದೆ. ತಿರುಗಿಸಿದರೆ ‘ದಾಸ’. ಆಗ ‘ಉದಾರ’ದ ತಲೆ ಹಾರಿ ಉಳಿಯುವ ‘ದಾರ’ವೂ ತಾನಾಗಿಯೇ ಕೂಡುತ್ತದೆ. ಹನ್ನೆರಡನೆಯದರಲ್ಲಿ ಶುದ್ಧಾಚಾರವೆಂದರೆ ಮಡಿ, ಬೀದಿಯೆಂದರೆ ಕೇರಿ. ನೀವು ವಾಸವಾಗಿರುವ ಊರನ್ನೇ ಬಿಟ್ಟು ಸಿದ್ದಾಪುರದವರೆಗೆ ಹೋಗಿದ್ದೀರಿ!

ನನ್ನ ಬಳಿ ತಪ್ಪುಗಳಿಗೆಂದೇ ಒಂದು ಪುಸ್ತಕವಿದೆ. ಅದರಲ್ಲಿ ಸರಿಯುತ್ತರಕ್ಕಿಂತ ಮೊದಲು, ನಾನು ಬರೆದ ತಪ್ಪುತ್ತರಕ್ಕೆ ಸುಳಿವಿನ ಯಾವ ಪದ ಕೆಲಸವಿಲ್ಲದೆ ಉಳಿಯಿತು ಎಂಬುದನ್ನು ಬರೆದಿಡುತ್ತೇನೆ. ಯತಿಯ ಅಕ್ಷರಗಳನ್ನು ಕಟ್ಟಲು ನಿಮಗೆ ‘ಸದಾ’ ಬೇಕಾಗಲಿಲ್ಲ. ಸಿದ್ದಾಪುರಕ್ಕೆ ‘ಬೀದಿ’ ಬೇಕಾಗಲಿಲ್ಲ. ಎರಡೂ ಒಂದೇ ತಪ್ಪು. ಮುದ್ರಿತ ಉತ್ತರವನ್ನು ನಕಲು ಮಾಡಿಕೊಂಡರೆ ಈ ಹೋಲಿಕೆ ಎಂದಿಗೂ ಕಣ್ಣಿಗೆ ಬೀಳುವುದಿಲ್ಲ.

ಅಡ್ಡಗೆರೆ, ವಿರಾಜಪೇಟೆ:
ನಾನು ಇಂಗ್ಲಿಷ್ ಪದಬಂಧಗಳಲ್ಲಿ ಪಳಗಿದವನು. ಈ ವಾದವನ್ನು ಒಪ್ಪಲಾರೆ. ‘ಸದಾ’ ಎಂದರೆ ಸ್, ಅ, ದ್, ಆ. ತಿರುಗಿಸಿದರೆ ‘ಆದಸ್’ ಆಗುತ್ತದೆಯೇ ಹೊರತು ದಾಸ ಆಗುವುದಿಲ್ಲ.

ಹಳೆಯ ಹಾಳೆ, ಸೋಮವಾರಪೇಟೆ:
ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ, ಗುಣಿತ ಹಾಗೂ ಒತ್ತಿನ ಸಮೇತ. ಆ ಲೆಕ್ಕದಿಂದಲೇ ‘ದ್ದಾ’ ಒಂದೇ ಮನೆಯಲ್ಲಿ ಕುಳಿತು ಸಿದ್ದಾಪುರ ನಾಲ್ಕು ಮನೆಗಳ ಪದವಾಯಿತು. ತಿರುಗಿಸುವಾಗಲೂ ಕಲೆಸುವಾಗಲೂ ಮನೆಯ ಒಳಗಿನದು ಕದಲುವುದಿಲ್ಲ. ಅಫ್ರಿಟ್ ಎಂಬ ಅಂಕಿತದ ಇಂಗ್ಲಿಷ್ ರಚನಕಾರರು 1949ರಲ್ಲಿ ಹೇಳಿದ ಸೂತ್ರ ನಿಮಗೆ ಗೊತ್ತೇ ಇರುತ್ತದೆ: ರಚಿಸುವವನು ಹೇಳಿದ್ದೇ ಅವನ ಅಭಿಪ್ರಾಯವಾಗಿರಬೇಕಿಲ್ಲ, ಆದರೆ ಅವನ ಅಭಿಪ್ರಾಯವು ಹೇಳಿದ ಮಾತಿನಲ್ಲಿ ಇರಲೇಬೇಕು. ಈ ಸುಳಿವು ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ.

ಗಣಕ, ಗೋಣಿಕೊಪ್ಪ:
ನಾನೇ ಬರೆದ ಪ್ರೋಗ್ರಾಮಿನಲ್ಲಿ ‘ಸದಾ’ ಪದವನ್ನು ತಿರುಗಿಸಿ ನೋಡಿದೆ. ದೀರ್ಘದ ಚಿಹ್ನೆ ಎಲ್ಲಕ್ಕಿಂತ ಮೊದಲು ಬಂದು, ಅಂಟಿಕೊಳ್ಳಲು ಅಕ್ಷರವಿಲ್ಲದೆ ನಿಂತಿತು. ನಾನು ಆರಂಭದಿಂದಲೂ ಹೇಳುತ್ತಿದ್ದುದು ಇದನ್ನೇ.

ಪೆನ್ಸಿಲ್, ಪೊನ್ನಂಪೇಟೆ:
ಮೂಲ ದೋಷ ಶಾಯಿಯಲ್ಲಿದೆ. ನಾನು ಎಚ್‌ಬಿ ಪೆನ್ಸಿಲನ್ನೇ ಬಳಸುತ್ತೇನೆ. ಜುಲೈ ತಿಂಗಳಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ದಾಗಲೂ ಲಾಟೀನಿನ ಬೆಳಕಿನಲ್ಲಿ ಎರಡು ಹಾಳೆಗಳನ್ನು ಮುಗಿಸಿದ್ದೇನೆ. ಪೆನ್ಸಿಲ್ ಹಿಡಿದಿದ್ದರೆ ‘ದಾರ’ ಹೊಳೆದ ಕೂಡಲೇ ಯತಿಯನ್ನು ಅಳಿಸಿಹಾಕುತ್ತಿದ್ದಿರಿ.

ಹಳೆಯ ಹಾಳೆ, ಸೋಮವಾರಪೇಟೆ:
ಎರಡು ಮನೆಗಳಿಗೆ ನಾರದನನ್ನು ತುರುಕಿದವರು ಬರೆಯುವ ಸಾಧನದ ಬಗ್ಗೆ ಉಪದೇಶಿಸುತ್ತಿರುವುದು ಸೋಜಿಗ. ಆದರೂ ‘ದಾರ’ದ ವಿಷಯದಲ್ಲಿ ನಿಮ್ಮ ಮಾತು ನಿಜ.

ಕೋಟೆಬೆಟ್ಟ:
ಹನ್ನೆರಡನೆಯ ಸುಳಿವಿಗೆ ನನ್ನ ಆಕ್ಷೇಪವಿದೆ. ಮಡಿಕೇರಿ ಎಂಬುದು ಮಡಿಯಿಂದ ಬಂದ ಹೆಸರಲ್ಲ. ಹಾಲೇರಿ ವಂಶದ ಮುದ್ದುರಾಜರು 1681ರಲ್ಲಿ ರಾಜಧಾನಿ ಮಾಡಿಕೊಂಡ ಮುದ್ದುರಾಜನಕೇರಿಯೇ ಕಾಲಕ್ರಮದಲ್ಲಿ ಮಡಿಕೇರಿಯಾಯಿತು.

ಹಳೆಯ ಹಾಳೆ, ಸೋಮವಾರಪೇಟೆ:
ಅಕ್ಷರ ಕೂಡಿಸುವ ಆಟಕ್ಕೂ ಹೆಸರಿನ ಹುಟ್ಟಿಗೂ ಸಂಬಂಧವಿರಬೇಕಿಲ್ಲ, ಸ್ವಾಮಿ. ‘ಉದಾರ’ದ ಹೊಟ್ಟೆಯಲ್ಲಿ ‘ದಾರ’ ಹುಟ್ಟಿತೆಂದು ಯಾರಾದರೂ ವಾದಿಸಿದರೇ?

ಮಳೆಹಾಡಿ, ಮಡಿಕೇರಿ:
ಹಳೆಯ ಹಾಳೆಯವರು ಹೇಳಿದಂತೆ ಹಿಂದಿನ ಮೂರು ತಿಂಗಳ ಹಾಳೆಗಳನ್ನು ತೆಗೆದು ನೋಡಿದೆ. ತಪ್ಪಾದ ಹನ್ನೊಂದು ಉತ್ತರಗಳ ಪೈಕಿ ಎಂಟರಲ್ಲಿ ಸುಳಿವಿನ ಒಂದು ಪದ ಕೆಲಸವಿಲ್ಲದೆ ಉಳಿದಿತ್ತು. ಉಳಿದ ಮೂರರಲ್ಲಿ ಎಲ್ಲ ಪದಗಳಿಗೂ ಕೆಲಸವಿದ್ದಂತೆ ಕಾಣುತ್ತಿದೆ. ಆದರೂ ಅವು ಏಕೆ ತಪ್ಪಾದವು? ನಾಳೆ ಅವುಗಳನ್ನು ಮನೆಗಳ ಸಂಖ್ಯೆಯ ಸಮೇತ ಇಲ್ಲಿ ಹಾಕುತ್ತೇನೆ.

ಗಣಕ, ಗೋಣಿಕೊಪ್ಪ:
ಹಾಕುವಾಗ ಯಾವ ಕೀಲಿಮಣೆ ಬಳಸಿದಿರಿ ಎಂಬುದನ್ನೂ ತಿಳಿಸಿ.