ಕೊಪ್ಪಳದಾಗ ಪಾರ್ಕ್ ನಾಮ್‌-ಓಕ್ ಸಿನಿಮಾ: ಕನ್ನಡ ಸಬ್‌ಟೈಟಲ್ ಯಾಕೆ ಕೆಡ್ತೈತಿ?

ಮಾಳಿಗೆಮಂದಿ:
ಕೊಪ್ಪಳದಾಗ ಮಾಳಿಗೆ ಮ್ಯಾಲೆ ನಲವತ್ತು ಮಂದಿಗೆ ಕೊರಿಯಾದ ನಿರ್ದೇಶಕಿ ಪಾರ್ಕ್ ನಾಮ್‌-ಓಕ್ ಅವರ ‘ಮಿಮಾಂಗಿನ್’ (ವಿಧವೆ, 1955) ತೋರಿಸೋದೈತಿ. ಕನ್ನಡ ಸಬ್‌ಟೈಟಲ್ ನುಡಿ ತಂತ್ರಾಂಶದಾಗ ಟೈಪ್ ಮಾಡೇವಿ, ವಿಎಲ್‌ಸಿ ವಿಡಿಯೋ ಪ್ಲೇಯರ್‌ನಾಗ ಹಾಕಿದ್ರ ಬರೇ ಕಸ ಕಾಣತೈತಿ. ಕೊನಿಗೆ ಧ್ವನಿನೂ ಇಲ್ಲ. ಫೈಲ್ ಕೆಟ್ಟೈತೇನ್ರಿ? ಸುರುವಿಗೆ ಐದು ನಿಮಿಷ ಆಕಿ ಬಗ್ಗೆ ಏನು ಹೇಳಬೇಕು?

ತುಂಗಾದಂಡೆ:
ಫೈಲ್ ಸರಿ ಐತ್ರಿ. ಉಳಿದಿರೋ ಪ್ರತಿನೇ ಹಂಗ: ಸುಮಾರು 75 ನಿಮಿಷ, ಕೊನಿ ಹತ್ತು ನಿಮಿಷಕ್ಕ ಧ್ವನಿ ಇಲ್ಲ, ಮುಕ್ತಾಯದ ರೀಲು ಕಳೆದೇ ಹೋಗೈತಿ. ಇದನ್ನ ಮೊದಲೇ ಹೇಳಿಬಿಡ್ರಿ, ಇಲ್ಲಾಂದ್ರ ಯಾರಾದ್ರೂ ಎದ್ದು ಸ್ಪೀಕರ್ ವೈರ್ ಅಲ್ಲಾಡಿಸ್ತಾರ. ಧ್ವನಿ ಇಲ್ಲದ ಆ ಭಾಗಕ್ಕ ಮ್ಯೂಸಿಕ್ ಮಾತ್ರ ಸೇರಿಸಬ್ಯಾಡ್ರಿ.

ಅಕ್ಷರಗಾರ:
ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪಿಸಿರುತ್ತೀರಿ. ಅಲ್ಲಿ ಕನ್ನಡದಂತೆ ಕಾಣುವುದು ನಿಜಕ್ಕೂ ಇಂಗ್ಲಿಷ್ ಸಂಕೇತಗಳು. ಫಾಂಟ್ ಬದಲಾದರೆ ವೇಷ ಕಳಚುತ್ತದೆ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯುನಿಕೋಡ್ (ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತವಿರುವ ಪದ್ಧತಿ) ಮಾಡಿ. ಆದರೆ ಸಮಯದ ಸಾಲುಗಳನ್ನು ಬಿಟ್ಟು ಮಾತುಗಳನ್ನಷ್ಟೇ ಹಾಕಿ, ಇಲ್ಲದಿದ್ದರೆ ಅಂಕಿ, ಬಾಣದ ಗುರುತೂ ಕೆಡಬಹುದು. ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಯುಟಿಎಫ್-8 (ಯುನಿಕೋಡ್ ಉಳಿಸುವ ಬಗೆ) ಆರಿಸಿ. ಆನ್ಸಿ ಎಂಬ ಹಳೆಯ ಬಗೆ ಆರಿಸಿದರೆ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ. ವಿಎಲ್‌ಸಿಯ ಸಬ್‌ಟೈಟಲ್ ಎನ್‌ಕೋಡಿಂಗ್‌ಗೂ ಯುಟಿಎಫ್-8 ಕೊಟ್ಟು, ಫಾಂಟ್ ನೋಟೋ ಸಾನ್ಸ್ ಕನ್ನಡ ಇಡಿ. ಒತ್ತಕ್ಷರ ಪಕ್ಕಕ್ಕೆ ಸರಿದರೆ ವಿಎಲ್‌ಸಿ ಹಳೆಯದು, ಹೊಸದು ಹಾಕಿ. ಒಮ್ಮೆಗೆ ಎರಡೇ ಸಾಲು. ಮಾತಿಗಿಂತ ಅಕ್ಷರ ಹಿಂದೆಮುಂದೆ ಆದರೆ ಜಿ, ಎಚ್ ಕೀಲಿಗಳಿಂದ ಸರಿಪಡಿಸಿ.

ಚಿತ್ರದ ಅಗಲ-ಎತ್ತರದ ಅನುಪಾತ ಹೆಚ್ಚುಕಡಿಮೆ 4:3. ಪರದೆ ತುಂಬಲೆಂದು ಎಳೆದರೆ ಮುಖಗಳು ರೊಟ್ಟಿಯಂತೆ ಅಗಲವಾಗುತ್ತವೆ. ಎರಡು ಬದಿ ಕಪ್ಪು ಇರಲಿ.

ತುಂಗಾದಂಡೆ:
ಸಾರ್ವಜನಿಕ ಪ್ರದರ್ಶನ ಅಂದ್ರ ಸೋಲ್‌ನ ಕೊರಿಯನ್ ಫಿಲ್ಮ್ ಆರ್ಕೈವ್‌ಗೆ ಮೊದಲೇ ಬರದು ಒಪ್ಪಿಗಿ ಕೇಳ್ರಿ. ಯೂಟ್ಯೂಬ್‌ನಾಗ ಸಿಗತೈತಿ ಅಂದ್ರ ಮಂದಿ ಕೂಡಿಸಿ ತೋರಿಸಬಹುದು ಅಂತಲ್ಲ.

ರೀಲುಪೆಟ್ಟಿಗೆ:
ಪೀಠಿಕೆಗೆ: ಪಾರ್ಕ್ (1923–2017) ಕೊರಿಯಾದ ಮೊದಲ ಮಹಿಳಾ ನಿರ್ದೇಶಕಿ. ವಿದ್ಯಾರ್ಥಿ ದಿನಗಳಲ್ಲಿ ಗುಂಡು ಎಸೆತದ ಆಟಗಾರ್ತಿ. ಈ ಸಿನಿಮಾಕ್ಕೆ ದುಡ್ಡು ಹಾಕಿದ್ದು ಅಕ್ಕ, ಚಿತ್ರಕಥೆ ಗಂಡನದು, ಚಿತ್ರೀಕರಣ 16 ಎಂಎಂನಲ್ಲಿ. ಹಸುಗೂಸನ್ನು ಬೆನ್ನಿಗೆ ಕಟ್ಟಿಕೊಂಡೇ ನಿರ್ದೇಶಿಸಿದರು, ತಂಡಕ್ಕೆ ಅಡುಗೆಯನ್ನೂ ಮಾಡಿದರು. ವರ್ಷದ ಬೋಣಿಗೆ ಹೆಣ್ಣಿನ ಸಿನಿಮಾ ಬೇಡವೆಂದು ಧ್ವನಿಮುದ್ರಣದವರು ತಿರಸ್ಕರಿಸಿದ್ದೂ ಉಂಟು. ಥಿಯೇಟರಿನಲ್ಲಿ ಕೆಲವೇ ದಿನ ಓಡಿತು. ಮತ್ತೆ ಅವರು ಸಿನಿಮಾ ಮಾಡಲಿಲ್ಲ. ಮರುಜೀವ ಬಂದದ್ದು 1997ರ ಸೋಲ್ ಮಹಿಳಾ ಚಿತ್ರೋತ್ಸವದಲ್ಲಿ.

ಕೂಸಿನ ಕಥೆಗೇ ಐದು ನಿಮಿಷ ಸುರಿಯಬೇಡಿ, ಎಲ್ಲರೂ ಅಲ್ಲೇ ನಿಲ್ಲುತ್ತಾರೆ. ಸಿನಿಮಾದಲ್ಲಿ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು ಇನ್ನೊಬ್ಬನನ್ನು ಬಯಸುತ್ತಾಳೆ, ಮಗಳನ್ನು ನೆರೆಯವರ ಬಳಿ ಬಿಡುತ್ತಾಳೆ. ಕ್ಯಾಮೆರಾ ಅವಳಿಗೆ ಬುದ್ಧಿ ಹೇಳುವುದಿಲ್ಲ. ಅದನ್ನು ಹೇಳಿ.

ಮಾಳಿಗೆಮಂದಿ:
ಯುಟಿಎಫ್-8 ಮಾಡಿದ ಮ್ಯಾಲೆ ಅಕ್ಷರ ಸರಿ ಬಂತ್ರಿ. ‘ಸ್ತ್ರೀ’ ಒಂದೇ ಇನ್ನೂ ಒಡೀತೈತಿ.

ಅಕ್ಷರಗಾರ:
ಆ ವಿಎಲ್‌ಸಿ ತೆಗೆದು ಹೊಸದು ಹಾಕಿ.