‘ಸುರುಳಿಯ ಉದ್ದ’ ಅಂದರೆ ಯಾವ ಉದ್ದ?

ಗೆಳೆಯರೇ, ನಮಸ್ಕಾರ.

ಪಿಯುಸಿ ಮಕ್ಕಳಿಗಾಗಿ ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಯನ್ನು ತಂತಿ ಸುರುಳಿ ಎಷ್ಟು ವಿರೋಧಿಸುತ್ತದೆ ಅನ್ನುವ ಅಳತೆ) ಲೆಕ್ಕಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಡಕ್ಟನ್ಸಿಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವುದು ನನ್ನ ಪ್ರಶ್ನೆಯಲ್ಲ. ಪ್ರೇರಕತೆ ಅನ್ನಿ, ಪ್ರೇರಕತ್ವ ಅನ್ನಿ, ಲೆಕ್ಕ ಕೆಡುವುದಿಲ್ಲ. ಲೆಕ್ಕ ಕೆಡಿಸುತ್ತಿರುವುದು ‘ಉದ್ದ’ ಅನ್ನುವ ತೀರಾ ಸಾಮಾನ್ಯ ಮಾತು.

ಈ ಲೆಕ್ಕ ನೋಡಿ: ‘20 ಸೆಂ.ಮೀ. ಉದ್ದದ, 2 ಸೆಂ.ಮೀ. ವ್ಯಾಸದ ತಂತಿ ಸುರುಳಿಯಲ್ಲಿ 500 ಸುತ್ತುಗಳಿವೆ. ಒಳಗೆ ಬರೀ ಗಾಳಿ. ಅದರ ಪ್ರೇರಕತೆ ಎಷ್ಟು?’

‘20 ಸೆಂ.ಮೀ. ಉದ್ದದ’ ಅನ್ನುವುದು ತಂತಿಗೆ ಸೇರಿದ್ದೋ ಸುರುಳಿಗೆ ಸೇರಿದ್ದೋ? ನಮ್ಮ ವಾಕ್ಯದಲ್ಲಿ ವಿಶೇಷಣ ನಾಮಪದಕ್ಕಿಂತ ಮೊದಲು ಬರುತ್ತದೆ, ಹಾಗಾಗಿ ಅದು ಪಕ್ಕದಲ್ಲೇ ಇರುವ ‘ತಂತಿ’ಗೆ ಅಂಟಿಕೊಳ್ಳುತ್ತದೆ. ಅಷ್ಟು ಚಿಕ್ಕ ತಂತಿಯಲ್ಲಿ 500 ಸುತ್ತು ಬರಲ್ಲ ಅಂತ ಮಕ್ಕಳಿಗೆ ಗೊತ್ತಾಗುತ್ತದೆ. ಆಗ ಏನು ಮಾಡುತ್ತಾರೆ ಗೊತ್ತಾ? ಒಂದು ಸುತ್ತಿನ ಸುತ್ತಳತೆ 6.28 ಸೆಂ.ಮೀ., ಅದನ್ನು 500ರಿಂದ ಗುಣಿಸಿದರೆ 31.4 ಮೀಟರ್ ಅಂತ ಲೆಕ್ಕ ಹಾಕಿ, ಪ್ರೇರಕತೆಯ ಸೂತ್ರದಲ್ಲಿ ‘ಉದ್ದ’ ಇರುವ ಕಡೆ ಅದನ್ನೇ ಹಾಕುತ್ತಾರೆ. ಅವರನ್ನು ತಪ್ಪು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಬಾವಿ ಹಗ್ಗದ ಸುರುಳಿ ತೋರಿಸಿ ‘ಇದು ಎಷ್ಟು ಉದ್ದ ಇದೆ?’ ಅಂತ ಯಾರನ್ನಾದರೂ ಕೇಳಿ. ‘ಹದಿನೈದು ಮಾರು’ ಅಂತ ಹಗ್ಗದ ಉದ್ದ ಹೇಳುತ್ತಾರೆಯೇ ಹೊರತು, ನೆಲದ ಮೇಲೆ ಸುರುಳಿ ಎಷ್ಟು ಜಾಗ ಹಿಡಿದಿದೆ ಅಂತ ಯಾರೂ ಹೇಳುವುದಿಲ್ಲ, ಅಲ್ವಾ?

ಇನ್ನೊಂದು ತೊಡಕಿದೆ. ಹತ್ತನೇ ತರಗತಿಯಲ್ಲಿ ರೋಧದ (ರೆಸಿಸ್ಟೆನ್ಸಿನ) ಲೆಕ್ಕ ಮಾಡಿರುತ್ತಾರೆ. ಅಲ್ಲಿ ಉದ್ದ ಅಂದರೆ ತಂತಿಯ ಉದ್ದ, ಅಡ್ಡಕೊಯ್ತ (ಅಡ್ಡಕ್ಕೆ ಕತ್ತರಿಸಿದಾಗ ಕಾಣುವ ಮುಖ) ಅಂದರೆ ತಂತಿಯ ಅಡ್ಡಕೊಯ್ತ. ಪ್ರೇರಕತೆಗೆ ಬಂದರೆ ಅವೇ ಎರಡು ಪದಗಳು ಸುರುಳಿಯ ಅಳತೆಗಳಾಗಿಬಿಡುತ್ತವೆ. ಮೇಲಿನ ಸುರುಳಿಯನ್ನೇ ತಗೊಳ್ಳಿ. 20 ಸೆಂ.ಮೀ.ನಲ್ಲಿ 500 ಸುತ್ತು ಒತ್ತೊತ್ತಾಗಿ ಕೂತರೆ ತಂತಿಯ ದಪ್ಪ 0.4 ಮಿ.ಮೀ. ತಂತಿಯ ಮೇಲಿನ ಎನಾಮಲ್ ಲೇಪದ ಪದರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಈ ತಾಮ್ರದ ತಂತಿಯ ರೋಧ ಸುಮಾರು 4.2 ಓಮ್. ಇದಕ್ಕೆ 31.4 ಮೀಟರೇ ಬೇಕು. ಪ್ರೇರಕತೆಗೆ ಮಾತ್ರ 20 ಸೆಂ.ಮೀ. ಬೇಕು. ಸುತ್ತುಗಳ ಸಂಖ್ಯೆಯ ವರ್ಗವನ್ನು ಸುರುಳಿಯ ಅಡ್ಡಕೊಯ್ತದ ವಿಸ್ತೀರ್ಣದಿಂದಲೂ ‘ಮ್ಯೂ ನಾಟ್’ ಅನ್ನುವ ಸ್ಥಿರಾಂಕದಿಂದಲೂ ಗುಣಿಸಿ, ಉದ್ದದಿಂದ ಭಾಗಿಸಿದರೆ 0.49 ಮಿಲಿಹೆನ್ರಿ ಬರುತ್ತದೆ. ಉದ್ದದ ಜಾಗದಲ್ಲಿ 31.4 ಮೀಟರ್ ಹಾಕಿದರೆ ಉತ್ತರ 157 ಪಟ್ಟು ಕಡಿಮೆ. ಅಡ್ಡಕೊಯ್ತ ತಂತಿಯದ್ದು ಅಂದುಕೊಂಡರಂತೂ 2500 ಪಟ್ಟು ಕಡಿಮೆ!

ಸುರುಳಿಯ ಉದ್ದವೇ ಯಾಕೆ ಬೇಕು? ಕರೆಂಟ್ ಹರಿದಾಗ ಸುರುಳಿಯೊಳಗೆ ಹುಟ್ಟುವ ಕಾಂತಕ್ಷೇತ್ರ ಒಂದು ಮೀಟರಿಗೆ ಎಷ್ಟು ಸುತ್ತು ಕೂತಿವೆ ಅನ್ನುವುದರ ಮೇಲೆ ನಿಂತಿದೆ. ಆ ಕ್ಷೇತ್ರದ ಫ್ಲಕ್ಸ್ (ಸುತ್ತಿನ ಒಳಜಾಗವನ್ನು ಹಾದುಹೋಗುವ ಒಟ್ಟು ಕ್ಷೇತ್ರ) ಪ್ರತಿಯೊಂದು ಸುತ್ತಿನ ಒಳಗೂ ಹಾದುಹೋಗುತ್ತದೆ. ಸುತ್ತುಗಳ ಲೆಕ್ಕ ಒಮ್ಮೆ ಕ್ಷೇತ್ರ ಹುಟ್ಟಿಸುವಾಗ, ಇನ್ನೊಮ್ಮೆ ಫ್ಲಕ್ಸ್ ಹಿಡಿಯುವಾಗ ಬರುತ್ತದೆ, ಅದಕ್ಕೇ ವರ್ಗ. ಸುತ್ತುಗಳು ಎಷ್ಟು ಒತ್ತಾಗಿವೆ, ಅವುಗಳ ಒಳಜಾಗ ಎಷ್ಟು ಅಗಲ, ಇಷ್ಟೇ ಮುಖ್ಯ. ತಾಮ್ರ ತೆಗೆದು ಅಲ್ಯೂಮಿನಿಯಂ ತಂತಿ ಸುತ್ತಿದರೂ ಆಕಾರ ಅದೇ ಇದ್ದರೆ ಪ್ರೇರಕತೆ ಅಷ್ಟೇ.

ಎಫ್‌ಎಂ ರೇಡಿಯೊ ಬಿಚ್ಚಿ ನೋಡಿದವರಿಗೆ ಇದು ಗೊತ್ತಿರುತ್ತದೆ. ಒಳಗೆ ನಾಲ್ಕೈದು ಸುತ್ತಿನ ಪುಟ್ಟ ಸುರುಳಿಗಳು ಬರೀ ಗಾಳಿಯಲ್ಲಿ ನಿಂತಿರುತ್ತವೆ. ಪ್ಲಾಸ್ಟಿಕ್ ಕಡ್ಡಿಯಿಂದ ಸುತ್ತುಗಳನ್ನು ಒಂಚೂರು ಅಗಲಿಸಿದರೆ ಪ್ರೇರಕತೆ ಇಳಿದು ಸ್ಟೇಷನ್ ಜಾಗ ಬದಲಾಯಿಸುತ್ತದೆ, ಒತ್ತಿದರೆ ಏರುತ್ತದೆ. ತಂತಿ ಒಂದೆಳೆಯೂ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಬದಲಾಗಿದ್ದು ಸುರುಳಿ ಹಿಡಿದ ಜಾಗ.

ಈ ಸೂತ್ರ ‘ಉದ್ದ ಸೊಲೆನಾಯ್ಡ್’ಗೆ (ಕೊಳವೆಯಂತೆ ಸುತ್ತಿದ ಉದ್ದ ಸುರುಳಿಗೆ) ಅಂತ ಪುಸ್ತಕಗಳಲ್ಲಿ ಒಂದು ಮಾತು ಇರುತ್ತದಲ್ಲ, ಅಲ್ಲೂ ಇದೇ ಗೊಂದಲ. ಅಲ್ಲಿ ಉದ್ದ ಅಂದರೆ ವ್ಯಾಸಕ್ಕೆ ಹೋಲಿಸಿದರೆ ಉದ್ದ ಅಂತ. ನಮ್ಮ ಸುರುಳಿಯ ಉದ್ದ ವ್ಯಾಸದ ಹತ್ತು ಪಟ್ಟು ಇದೆ, ಆದರೂ ಎರಡು ತುದಿಗಳಲ್ಲಿ ಕ್ಷೇತ್ರ ಹರಡಿಕೊಳ್ಳುವುದರಿಂದ ನಿಜವಾದ ಬೆಲೆ ಸುಮಾರು 4 ಶೇಕಡಾ ಕಡಿಮೆ. ಈ ತಿದ್ದುಪಡಿಯ ಕೋಷ್ಟಕವನ್ನು ಜಪಾನಿನ ಭೌತವಿಜ್ಞಾನಿ ನಾಗಓಕ ಹಾಂಟಾರೊ 1909ರಲ್ಲೇ ಕೊಟ್ಟಿದ್ದಾರೆ.

ಈಗ ನನ್ನ ಪ್ರಶ್ನೆ. ಎರಡು ಉದ್ದಗಳಿಗೂ ಎರಡು ಅಡ್ಡಕೊಯ್ತಗಳಿಗೂ ಬೇರೆ ಬೇರೆ ಮಾತು ಇದ್ದರೆ ಚೆನ್ನ. ತಂತಿಯದ್ದಕ್ಕೆ ‘ಎಳೆಯುದ್ದ’, ಸುರುಳಿಯದ್ದಕ್ಕೆ ‘ಮೈಯುದ್ದ’ ಅಂತ ಬರೆದು ನೋಡಿದೆ. ಸುರುಳಿಯ ಅಡ್ಡಕೊಯ್ತಕ್ಕೆ ‘ಸುರುಳಿಯ ಬಾಯಿ’ ಅನ್ನಬಹುದೇ? ಬಾವಿಗೆ, ಕೊಡಕ್ಕೆ, ಕೊಳವೆಗೆ ಬಾಯಿ ಅನ್ನುತ್ತೇವೆ. ‘ಬಾಯಿಯ ವಿಸ್ತೀರ್ಣ’ ಅಂದರೆ ತಂತಿಯ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ನನಗೆ ಇದು ತುಂಬಾ ಹಿಡಿಸಿದೆ. ‘ಮೈಯುದ್ದ’ದ ಬಗ್ಗೆ ಮಾತ್ರ ಅಷ್ಟು ಧೈರ್ಯವಿಲ್ಲ. ಅದನ್ನು ಓದಿದವರು ಮನುಷ್ಯರ ಎತ್ತರ ಅಂದುಕೊಂಡುಬಿಟ್ಟರೆ?

ಮೋಟರ್ ವೈಂಡಿಂಗ್ ಮಾಡುವವರ ಮಾತಿನಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ಅಲ್ಲಿ ತಂತಿಗೆ ಗೇಜ್ (ದಪ್ಪದ) ಲೆಕ್ಕ, ಕೆಜಿ ಲೆಕ್ಕ. ಕಾಯಿಲ್‌ಗೆ ಟರ್ನ್ಸ್ ಲೆಕ್ಕ. ಉದ್ದದ ಮಾತೇ ಬರುವುದಿಲ್ಲ. ಆದರೆ ನೇಕಾರರ ಮನೆಗಳಲ್ಲಿ ಕಂಡಿಕೆ (ಲಾಳಿಯೊಳಗೆ ಇಡುವ, ನೂಲು ಸುತ್ತಿದ ಕಡ್ಡಿ) ಸುತ್ತುತ್ತಾರಲ್ಲ, ಅಲ್ಲಿ ಸುತ್ತಿದ ನೂಲಿನ ಉದ್ದಕ್ಕೂ ಕಂಡಿಕೆಯ ಮೇಲೆ ಆ ನೂಲು ಹಿಡಿಯುವ ಜಾಗಕ್ಕೂ ಬೇರೆ ಬೇರೆ ಪದಗಳಿವೆಯಾ? ಇಳಕಲ್, ಗುಳೇದಗುಡ್ಡ, ದೊಡ್ಡಬಳ್ಳಾಪುರ, ಮೊಳಕಾಲ್ಮೂರು ಕಡೆಯವರು ಯಾರಾದರೂ ಇದ್ದರೆ ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ಹಗ್ಗ ಹೊಸೆಯುವವರ ಮಾತು ಗೊತ್ತಿದ್ದರೂ ಆಯಿತು.