ಕಡಲಯಾನದ ಕಥಾತ್ರಯದಲ್ಲಿ ನಡುವಿನ ಸಂಪುಟವೇ ಹೆಚ್ಚು ಹಿಡಿಸುವುದೇಕೆ?

ಕುಂಬಳೆಯ ಓದುಗ:
ರಾಬಿನ್ ಹಾಬ್ ಅವರ 'ಲೈವ್‌ಶಿಪ್ ಟ್ರೇಡರ್ಸ್' ತ್ರಿವಳಿಯ (1998–2000) ಎರಡನೆಯ ಸಂಪುಟವಾದ 'ದಿ ಮ್ಯಾಡ್ ಶಿಪ್' ಅನ್ನು ಈ ಆಟಿಯ ಮಳೆಯಲ್ಲಿ ಓದಿ ಮುಗಿಸಿದೆ. ಬಿಂಗ್‌ಟೌನಿನ ವರ್ತಕ ಮನೆತನಗಳು, ಅವರ ತಲೆಮಾರುಗಳ ಸಾಲ, ಮನೆತನದ ಮೂರು ತಲೆಮಾರಿನವರು ಡೆಕ್ಕಿನ ಮೇಲೆ ಪ್ರಾಣ ಬಿಟ್ಟ ಬಳಿಕವಷ್ಟೇ ಜೀವ ತಳೆದು ಎಚ್ಚರಗೊಳ್ಳುವ ಹಡಗುಗಳು, ಇವನ್ನೆಲ್ಲ ಪರಿಚಯಿಸುವ ಹೊಣೆ ಮೊದಲ ಸಂಪುಟದ ಮೇಲಿತ್ತು. ಎರಡನೆಯದಕ್ಕೆ ಆ ಹೊರೆಯಿಲ್ಲ. ವಿಚಿತ್ರವೆಂದರೆ, ಪುಸ್ತಕಕ್ಕೆ ಹೆಸರು ಕೊಟ್ಟ ಪ್ಯಾರಗಾನ್ ಎಂಬ ಹಡಗು ಬಹಳಷ್ಟು ಪುಟಗಳವರೆಗೆ ನೀರಿಗೇ ಇಳಿಯದೆ, ಕಣ್ಣುಗಳನ್ನು ಕಡಿದುಹಾಕಿದ ಮುಖ ಹೊತ್ತು ದಡದಲ್ಲಿ ಬಿದ್ದಿರುತ್ತದೆ. ಆದರೂ ನನಗೆ ಎಲ್ಲಿಯೂ ಬೇಸರವಾಗಲಿಲ್ಲ. ನಡುವಿನ ಸಂಪುಟವೆಂದರೆ ಬರಿಯ ಸೇತುವೆ ಎನ್ನುವ ಗೆಳೆಯರಿಗೆ ಏನು ಹೇಳಲಿ? ಮೂರನೆಯದನ್ನು ನಾನಿನ್ನೂ ಓದಿಲ್ಲ, ಅದರ ಸಂಗತಿ ಎತ್ತದಿರಿ.

ಮಂಜೇಶ್ವರದಿಂದ:
ದಡದಲ್ಲಿ ಬಿದ್ದಿರುವ ಹಡಗೇ ಈ ಸಂಪುಟದ ಬಲವೆಂದು ನನ್ನ ಅಭಿಪ್ರಾಯ. ಮಳೆಗಾಲದ ಟ್ರಾಲಿಂಗ್ (ಯಾಂತ್ರಿಕ ಬಲೆಮೀನುಗಾರಿಕೆ) ನಿಷೇಧದ 52 ದಿನಗಳಲ್ಲಿ ನಮ್ಮ ಬಂದರುಗಳನ್ನು ನೋಡಿದವರಿಗೆ, ಕಡಲಿನ ಕೆಲಸದಲ್ಲಿ ಎಷ್ಟೋ ಪಾಲು ನೆಲದ ಮೇಲೆಯೇ ನಡೆಯುತ್ತದೆಂಬುದು ಗೊತ್ತು. ಹಲಗೆ ಬದಲಿಸುವುದು, ಸಂದು ಮುಚ್ಚುವುದು, ಹಗ್ಗ ಬಿಗಿಯುವುದು, ಎಲ್ಲಕ್ಕೂ ಮಿಗಿಲಾಗಿ ಜತೆಗೆ ಬರುವ ಆಳುಗಳನ್ನು ಹುಡುಕುವುದು. ವರ್ತಕ ಮನೆತನದ ಆಲ್ಥಿಯಾ, ನಾವಿಕ ಬ್ರಾಶೆನ್, ಮರಗೆತ್ತನೆಯ ಆಂಬರ್ ಮೂವರೂ ಇದನ್ನೇ ಮಾಡುತ್ತಾರೆ, ಆದರೆ ಅವರು ದುರಸ್ತಿ ಮಾಡುತ್ತಿರುವುದು ತನ್ನ ಹಿಂದಿನ ನಾವಿಕರನ್ನು ಕೊಂದ ಅಪಕೀರ್ತಿಯಿರುವ, ಸಿಟ್ಟಿಗೇಳುವ, ಅಳುವ ಹಡಗನ್ನು. ಅದು ಒಪ್ಪಿದರೆ ಮಾತ್ರ ಯಾನ. ಯಾವ ಬಿರುಗಾಳಿಯ ವರ್ಣನೆಗಿಂತಲೂ ಈ ಅನುಮಾನವೇ ನನ್ನನ್ನು ಹೆಚ್ಚು ಹಿಡಿದಿಟ್ಟಿತು. ಲೇಖಕಿ ಮೀನುಗಾರನನ್ನು ಮದುವೆಯಾಗಿ ಅಲಾಸ್ಕಾದ ಕೋಡಿಯಾಕ್‌ನಲ್ಲಿ ನೆಲೆಸಿದ್ದವರು; ಹಡಗುಕಟ್ಟೆಯ ಕೆಲಸವನ್ನು ಅವರು ಅಲಂಕಾರಕ್ಕಾಗಿ ತಂದಿಲ್ಲವೆಂಬುದು ಓದುವಾಗಲೇ ತಿಳಿಯುತ್ತದೆ.

ಬದಿಯಡ್ಕ, ತಗಾದೆಯವನು:
ನಾನು ಅಷ್ಟು ಉದಾರಿಯಲ್ಲ. ನಾಡಿನ ಅರಸನಾದ ಸಾತ್ರಪನ ಬಿಡಾರದ ಪ್ರಕರಣಗಳನ್ನು ಅರ್ಧಕ್ಕಿಳಿಸಿದ್ದರೆ ಕಥೆಗೆ ನಷ್ಟವಾಗುತ್ತಿರಲಿಲ್ಲ, ಕಡಲಸರ್ಪಗಳ ಅಧ್ಯಾಯಗಳೂ ಮೊದಮೊದಲು ತಾಳ್ಮೆ ಕೆಡಿಸುತ್ತವೆ. ಆದರೆ ಆಲ್ಥಿಯಾಳ ಅಕ್ಕನ ಮಗಳು ಮಾಲ್ಟಾಳ ವಿಷಯದಲ್ಲಿ ಸೋತೆನೆಂದೇ ಹೇಳಬೇಕು. ಮೊದಲ ಸಂಪುಟದಲ್ಲಿ ಕೆನ್ನೆಗೆ ಬಾರಿಸಬೇಕೆನಿಸುತ್ತಿದ್ದ ಆ ಹುಡುಗಿ, ಇಲ್ಲಿ ಮನೆಯ ಸಂಕಟವನ್ನು ಹೊರಲು ಕಲಿಯುವ ಬಗೆ ಎಲ್ಲಿಯೂ ಉಪದೇಶವಾಗುವುದಿಲ್ಲ.

ಹೊಸದುರ್ಗದ ಕಡಲತಡಿ:
ತಗಾದೆಯವರು ಹೇಳಿದ ಮಾಲ್ಟಾಳ ಮಾತನ್ನೇ ಮುಂದುವರಿಸುತ್ತೇನೆ, ಏಕೆಂದರೆ ಮೂಲ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. (ಪುಸ್ತಕ ಓದದವರು ಮುಂದಿನ ಸಾಲುಗಳನ್ನು ಬಿಟ್ಟುಬಿಡಿ.) ಮೊದಲ ಸಂಪುಟ ನಮಗೆ ಕಲಿಸಿದ ತೀರ್ಪುಗಳನ್ನು ಎರಡನೆಯದು ಒಂದೊಂದಾಗಿ ಕೆಡವುತ್ತದೆ. ಕಡಲ್ಗಳ್ಳ ಕೆನಿಟ್ ತಾನು ಸೆರೆಹಿಡಿದ ವಿವೇಶಿಯಾ ಹಡಗನ್ನೂ ಅದರಲ್ಲಿದ್ದ ಮಾಲ್ಟಾಳ ಅಣ್ಣ ವಿಂಟ್ರೋನನ್ನೂ ಮಾತಿನಿಂದಲೇ ಒಲಿಸಿಕೊಳ್ಳುವಾಗ ನಾವೂ ಒಲಿಯುತ್ತೇವೆ, ಒಲಿದುದಕ್ಕೆ ಮುಜುಗರಪಡುತ್ತೇವೆ. ವರ್ತಕರು ತಮ್ಮ ಹೆಮ್ಮೆಯ ಹಡಗುಗಳನ್ನು ಕಟ್ಟಿದ ಮರ ಮರವೇ ಅಲ್ಲ, ಹುಟ್ಟದೆ ಉಳಿದ ಡ್ರ್ಯಾಗನ್‌ಗಳ ಗೂಡು ಎಂಬುದು ಹೊರಬಿದ್ದ ಮೇಲಂತೂ, ನಾನು ಮೊದಲ ಸಂಪುಟದಲ್ಲಿ ಕಣ್ಣರಳಿಸಿ ಓದಿದ್ದ ಹಡಗು ಎಚ್ಚರಗೊಳ್ಳುವ ಪ್ರಸಂಗಕ್ಕೆ ಮರಳಿ ಹೋದೆ. ಆಗ ಮನೆತನದ ಸಂಭ್ರಮವಾಗಿ ಕಂಡದ್ದು ಈಗ ಕಳೇಬರದ ಮೇಲಿನ ಉತ್ಸವದಂತಿತ್ತು. ಪರಿಚಯಿಸುವ ಮೊದಲ ಸಂಪುಟಕ್ಕೂ ಗಂಟು ಬಿಡಿಸಬೇಕಾದ ಕೊನೆಯದಕ್ಕೂ ಹೀಗೆ ಬುಡಮೇಲು ಮಾಡುವ ಸ್ವಾತಂತ್ರ್ಯ ಕಡಿಮೆ.

ಅರ್ಸುಲಾ ಲೆ ಗ್ವಿನ್ ಅವರ 'ಅರ್ಥ್‌ಸೀ'ಯ ಎರಡನೆಯ ಕಥೆಯೂ (1971) ಹೀಗೆಯೇ. ದ್ವೀಪಸಮೂಹದ ಕಥನವಾದರೂ ಅದು ಬಹುಪಾಲು ನೆಲದಡಿಯ ಕತ್ತಲ ದಾರಿಗಳಲ್ಲಿ ನಡೆಯುತ್ತದೆ. ದೋಣಿ ಬರುವುದು ಕೊನೆಗೆ.

ಕುಂಬಳೆಯ ಓದುಗ:
ಸರ್ಪಗಳ ಅಧ್ಯಾಯಗಳ ಬಗ್ಗೆ ಮಾತ್ರ ಬದಿಯಡ್ಕದವರೊಡನೆ ನನ್ನ ಸಹಮತವಿಲ್ಲ; ಮರದ ಗುಟ್ಟು ತಿಳಿದ ಬಳಿಕ ಅವುಗಳ ಆರಂಭದ ಪುಟಗಳನ್ನು ಇನ್ನೊಮ್ಮೆ ಓದಿ ನೋಡಲಿ. ಮೂರನೆಯದನ್ನು ನಾಳೆಯೇ ತೆರೆಯುತ್ತೇನೆ.